ಕಾಲೋನಿ ಎಂಬ ಪದದ ವಿಳಾಸ

ಹೆಂಡತಿಗೆ ಕೇಂದ್ರ ಸರ್ಕಾರದ ನೌಕರಿ. ಆಕೆಗೆ ಲೋಧಿ ಕಾಲೋನಿಯಲ್ಲಿ ಕ್ವಾರ್ಟರ್ಸ್ ಮಂಜೂರಾಗಿದೆ ಎಂದು ಊರಿಗೆ ಫೋನ್ ಮಾಡಿ ಹೇಳಿದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಕೇಳಿದಳು: "ಅಲ್ಲ ಕಣಪ್ಪ, ಡೆಲ್ಲೀಲೂ ನಮ್ಮನ್ನ ಕಾಲೋನಿಗೇ ಹಾಕವ್ರಾ?"

ಆ ಕ್ಷಣಕ್ಕೆ ನಕ್ಕುಬಿಟ್ಟೆ. ಫೋನ್ ಇಟ್ಟ ಮೇಲೆ ನಗು ಉಳಿಯಲಿಲ್ಲ.

ಮಂಡ್ಯದ ಕಡೆಯ ನಮ್ಮ ಹಳ್ಳಿಯಲ್ಲಿ ಊರು ಬೇರೆ, ಕಾಲೋನಿ ಬೇರೆ. ಬಸ್ಸಿಳಿದು ಬಲಕ್ಕೆ ಹೋದರೆ ಊರು, ಎಡಕ್ಕೆ ಹೋದರೆ ಕಾಲೋನಿ. ನಾವು ಎಡಕ್ಕೆ ತಿರುಗುವವರು. ಶಾಲೆಯಲ್ಲಿ ಮೇಷ್ಟ್ರೊಬ್ಬರು "ಕಾಲೋನಿ ಹುಡುಗ್ರು ಈ ಕಡೆ ಬನ್ನಿ" ಎನ್ನುತ್ತಿದ್ದರು. ಜಾತಿಯ ಹೆಸರು ಎತ್ತುತ್ತಿರಲಿಲ್ಲ, ಎತ್ತುವ ಅಗತ್ಯವೂ ಇರಲಿಲ್ಲ. ದೆಹಲಿಯಲ್ಲಾದರೋ ಆಟೋದವನು "ಕೌನ್ ಸೀ ಕಾಲೋನಿ?" ಎಂದು ಕೇಳಿದರೆ ಯಾವ ಬಡಾವಣೆ ಎಂದಷ್ಟೇ ಅರ್ಥ. ಸಾಫ್ಟ್‌ವೇರ್ ಪ್ರಾಜೆಕ್ಟುಗಳಲ್ಲಿ ವಿಳಾಸದ ಕಾಲಂಗಳನ್ನು ವಿನ್ಯಾಸ ಮಾಡಿಸುವುದು ನನ್ನ ಕೆಲಸದ ಒಂದು ಭಾಗ. ನಗರ, ವಿಹಾರ, ಎನ್‌ಕ್ಲೇವ್, ಕಾಲೋನಿ ಎಲ್ಲವೂ ಅಲ್ಲಿ ಒಂದೇ ಪಟ್ಟಿಯ ಸಾಲುಗಳು. ಅವುಗಳಲ್ಲಿ ಒಂದು ಸಾಲು ನಮ್ಮ ಕಡೆ ಜಾತಿಪತ್ರದ ಕೆಲಸ ಮಾಡುತ್ತದೆ ಎಂಬುದು ಪಟ್ಟಿ ಮಾಡಿದವರಿಗೆ ಗೊತ್ತಿರುವುದಿಲ್ಲ. ಒಂದೇ ಪದ ಇಷ್ಟು ದೂರ ದೂರದ ಅರ್ಥಗಳಿಗೆ ಹೋದದ್ದು ಹೇಗೆ ಎಂದು ಹುಡುಕತೊಡಗಿದ್ದು ಹೀಗೆ.

ಪದ ಲ್ಯಾಟಿನ್ ಭಾಷೆಯದು. 'ಕೊಲೋನಸ್' ಎಂದರೆ ಉಳುವವನು. ರೋಮನ್ನರು ಗೆದ್ದ ಸೀಮೆಗಳಲ್ಲಿ ತಮ್ಮ ಜನರಿಗೆ, ಮುಖ್ಯವಾಗಿ ನಿವೃತ್ತ ಸೈನಿಕರಿಗೆ, ಹೊಲ ಹಂಚಿ ಕೂರಿಸುತ್ತಿದ್ದರು. ಆ ನೆಲೆಗೆ 'ಕೊಲೋನಿಯಾ' ಎಂದು ಹೆಸರು. ಜರ್ಮನಿಯ ಕಲೋನ್ ಪಟ್ಟಣದ ಹೆಸರಿನಲ್ಲಿ ಆ ಪದ ಇಂದಿಗೂ ಉಳಿದಿದೆ. ಅದರ ಬೇರಾದ ಕ್ರಿಯಾಪದಕ್ಕೆ ಉಳು, ನೆಲೆಸು, ಆರಾಧಿಸು ಎಂಬ ಅರ್ಥಗಳಿದ್ದವು. ಕಲ್ಚರ್ ಎಂಬ ಪದ ಬಂದದ್ದೂ ಅಲ್ಲಿಂದಲೇ.

ಇದನ್ನು ಓದುವಾಗ ನನಗೆ ನೆನಪಾದದ್ದು ನಮ್ಮ 'ಒಕ್ಕಲು'. ಒಕ್ಕಲುತನ ಎಂದರೆ ಬೇಸಾಯ, ಮನೆ ಒಕ್ಕಲು ಎಂದರೆ ಗೃಹಪ್ರವೇಶ, ಒಕ್ಕಲು ಎಂದರೆ ಗೇಣಿದಾರನೂ ಹೌದು. ಉಳುವುದು, ನೆಲೆಸುವುದು ಎರಡೂ ಇಲ್ಲೂ ಒಂದೇ ಪದದಲ್ಲಿವೆ. ರೋಮಿನ ಕೊಲೋನಸ್ ಸಹ ಬರಬರುತ್ತ ಗೇಣಿದಾರನಾದ. ಕ್ರಿ.ಶ. 332ರಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿ, ಓಡಿಹೋದ ಕೊಲೋನಸ್‌ನನ್ನು ಹಿಡಿದು ಹಿಂದಿನ ಜಮೀನಿಗೇ ಕಳಿಸಬೇಕೆಂದು ಕಾನೂನು ಮಾಡಿದ. ಉಳುವವನ ಹೆಸರಿನಿಂದ ಹುಟ್ಟಿದ ಪದ ಉಳುವವನನ್ನೇ ಕಟ್ಟಿಹಾಕಿದ್ದು ಇದೇ ಮೊದಲಿರಬಹುದು, ಕೊನೆಯಂತೂ ಅಲ್ಲ.

ಮುಂದೆ ಇಂಗ್ಲಿಷರು ಅಮೆರಿಕಕ್ಕೆ ಹೋಗಿ 1607ರಲ್ಲಿ ಜೇಮ್ಸ್‌ಟೌನ್ ಕಟ್ಟಿದರು. ಆಗ ಕಾಲೋನಿ ಎಂದರೆ ಸಮುದ್ರದಾಚೆಯ ನೆಲೆ ಎಂದಾಯಿತು, ಆಮೇಲೆ ಪರದೇಶದವರು ಆಳುವ ನಾಡು ಎಂದಾಯಿತು. ತಮಾಷೆಯೆಂದರೆ ಭಾರತದ ಆಡಳಿತ ಲಂಡನ್ನಿನ ಕಲೋನಿಯಲ್ ಆಫೀಸಿನ ಕೈಯಲ್ಲಿರಲಿಲ್ಲ. ನಮಗೆ ಇಂಡಿಯಾ ಆಫೀಸ್ ಎಂಬ ಬೇರೆಯೇ ಕಚೇರಿ ಇತ್ತು. ಪಕ್ಕದ ಸಿಲೋನ್ ಕಾಗದದ ಮೇಲೆ ಕಾಲೋನಿ, ನಾವು 'ಸಾಮ್ರಾಜ್ಯ'. ಕನ್ನಡದಲ್ಲಿ ಈ ರಾಜಕೀಯ ಅರ್ಥಕ್ಕೆ 'ವಸಾಹತು' ನಿಂತಿತು. ಅದೇ ಪದವನ್ನು 'ಕೈಗಾರಿಕಾ ವಸಾಹತು' ಎಂದು ಕಾರ್ಖಾನೆಗಳ ಪ್ರದೇಶಕ್ಕೂ ಬಳಸುತ್ತೇವೆ. ಜನ ವಾಸಿಸುವ ಜಾಗಕ್ಕೆ ಮಾತ್ರ ಇಂಗ್ಲಿಷಿನ ಕಾಲೋನಿಯೇ ಉಳಿದುಕೊಂಡಿತು.

ರೋಮನ್ ಅರ್ಥಕ್ಕೆ ತೀರ ಹತ್ತಿರವಾದ ಕಾಲೋನಿಗಳು ನಮ್ಮ ದೇಶದಲ್ಲಿ ಎದ್ದದ್ದು ಪಂಜಾಬಿನಲ್ಲಿ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಬ್ರಿಟಿಷರು ಚಿನಾಬ್ ಮುಂತಾದ ನದಿಗಳಿಂದ ನಾಲೆ ತೆಗೆದು, ಬೀಳುಭೂಮಿಯನ್ನು ಅಳೆದು, ರೈತರನ್ನು ತಂದು ಕೂರಿಸಿದರು. ಅವೇ 'ಕೆನಾಲ್ ಕಾಲೋನಿ'ಗಳು. ಅಲ್ಲಿನ ಹಳ್ಳಿಗಳಿಗೆ ಹೆಸರಿಗಿಂತ ಮೊದಲು ನಂಬರು. 1907ರಲ್ಲಿ ಭಗತ್ ಸಿಂಗ್ ಹುಟ್ಟಿದ ಬಂಗಾ, ಲಾಯಲ್‌ಪುರ ಜಿಲ್ಲೆಯ ಅಂಥದೊಂದು ಚಕ್. ಆ ಭೂಮಿ ಬಹುಪಾಲು ಹೋದದ್ದು ಸರ್ಕಾರ ಬೇಸಾಯಗಾರರೆಂದು ಒಪ್ಪಿದ ಜಾತಿಗಳಿಗೆ. ಅವರ ಹೊಲದಲ್ಲಿ ದುಡಿಯಲು ಜೊತೆಗೆ ಹೋದ ದಲಿತರು ಅಲ್ಲಿಯೂ ಕೂಲಿಗಳಾಗಿಯೇ ಉಳಿದರು.

1947ರಲ್ಲಿ ಆ ನಾಲೆಗಳ ಸೀಮೆ ಪಾಕಿಸ್ತಾನಕ್ಕೆ ಹೋಯಿತು. ಅಲ್ಲಿಂದ ಎದ್ದು ಬಂದ ಲಕ್ಷಾಂತರ ಹಿಂದೂ, ಸಿಖ್ಖರಲ್ಲಿ ಬಹಳ ಜನ ದೆಹಲಿ ಸೇರಿದರು. ಅವರಿಗೆಂದು ಲಾಜಪತ್ ನಗರದಂಥ ನಿರಾಶ್ರಿತರ ಕಾಲೋನಿಗಳು ಎದ್ದವು. ಪೂರ್ವ ಪಾಕಿಸ್ತಾನದಿಂದ ಬಂದವರ ಇಪಿಡಿಪಿ ಕಾಲೋನಿ ಮುಂದೆ ಚಿತ್ತರಂಜನ್ ಪಾರ್ಕ್ ಎಂದು ಹೆಸರು ಬದಲಿಸಿಕೊಂಡಿತು. ವಿಳಾಸದಲ್ಲಿ 'ಸ್ಥಾನಪಲ್ಲಟಗೊಂಡವರು' ಎಂಬ ಗುರುತನ್ನು ಎಷ್ಟು ದಿನ ಹೊರುವುದು?

ನಾವಿರುವ ಲೋಧಿ ಕಾಲೋನಿ ಇದಕ್ಕಿಂತ ಸ್ವಲ್ಪ ಹಿಂದಿನದು. 1940ರ ದಶಕದಲ್ಲಿ ಸರ್ಕಾರಿ ನೌಕರರಿಗೆಂದು ಕಟ್ಟಿದ್ದು, ಬ್ರಿಟಿಷರು ಹೊಸದಿಲ್ಲಿಯಲ್ಲಿ ಕಟ್ಟಿದ ಕೊನೆಯ ವಸತಿ ಪ್ರದೇಶ. ಕಾಲೋನಿ ಮಾಡಿಕೊಂಡು ಆಳಿದವರು ಹೊರಡುವ ಮುಂಚೆ ಕಟ್ಟಿಕೊಟ್ಟ ಕಾಲೋನಿ. 1451ರಿಂದ 1526ರವರೆಗೆ ಆಳಿದ ಲೋಧಿ ಸುಲ್ತಾನರ ಗೋರಿಗಳು ಹತ್ತಿರದ ಉದ್ಯಾನದಲ್ಲಿವೆ, ಹೆಸರು ಅವರದು. ನಮ್ಮ ಬ್ಲಾಕುಗಳ ಎತ್ತರದ ಕಮಾನುಗಳು, ಒಳಗಿನ ಅಂಗಳ ನೋಡಿದರೆ ಗುಮಾಸ್ತರ ಮನೆಗಳೆಂದು ಅನ್ನಿಸುವುದಿಲ್ಲ. ಕೆಲವು ವರ್ಷಗಳಿಂದ ಗೋಡೆಗಳ ಮೇಲೆ ದೊಡ್ಡ ಚಿತ್ರಗಳು ಬಂದು, ಭಾನುವಾರ ಕ್ಯಾಮೆರಾ ಹಿಡಿದವರ ಸಂತೆ. ಸ್ವಲ್ಪ ದೂರದ ಲೋಧಿ ಎಸ್ಟೇಟಿನಲ್ಲಿ ದೆಹಲಿ ಕನ್ನಡ ಶಾಲೆಯಿದೆ.

ಹಾಗೆಂದು ದೆಹಲಿಯ ಕಾಲೋನಿಗಳೆಲ್ಲ ಸಮಾನವಲ್ಲ. ಡಿಫೆನ್ಸ್ ಕಾಲೋನಿ, ಫ್ರೆಂಡ್ಸ್ ಕಾಲೋನಿಗಳಲ್ಲಿ ಒಂದು ಮಹಡಿ ಕೊಳ್ಳಲು ನನ್ನ ಜೀವಮಾನದ ಸಂಬಳ ಸಾಲದು. ತುರ್ತುಪರಿಸ್ಥಿತಿಯಲ್ಲಿ ಗುಡಿಸಲು ಕೆಡವಿ ಜನರನ್ನು ಸಾಗಿಸಿದ ತ್ರಿಲೋಕಪುರಿ, ಮಂಗೋಲ್‌ಪುರಿಗಳೂ 'ಪುನರ್ವಸತಿ ಕಾಲೋನಿ'ಗಳೇ. 2019ರಲ್ಲಿ ಕೇಂದ್ರ ಸರ್ಕಾರ 1,731 'ಅನಧಿಕೃತ ಕಾಲೋನಿ'ಗಳ ನಿವಾಸಿಗಳಿಗೆ ಮನೆಯ ಹಕ್ಕು ಕೊಡಲು ಕಾನೂನು ತಂದಿತು. ಇಲ್ಲಿ ಕಾಲೋನಿಯ ಮುಂದೆ ಅಂಟುವ ಇನ್ನೊಂದು ಪದ ದರ್ಜೆ ಹೇಳುತ್ತದೆ, ಕಾಲೋನಿ ಹೇಳುವುದಿಲ್ಲ.

ನಮ್ಮಲ್ಲೂ ಪಟ್ಟಣದ ರೈಲ್ವೆ ಕಾಲೋನಿ, ಕೆಇಬಿ ಕಾಲೋನಿ, ಬ್ಯಾಂಕ್ ಕಾಲೋನಿಗಳಿಗೆ ಮರ್ಯಾದೆಗೆ ಕೊರತೆಯಿಲ್ಲ. ತುಂಗಭದ್ರಾ ನಾಲೆಯ ಕೆಳಗೆ ಆಂಧ್ರದಿಂದ ಬಂದು ನೆಲೆಸಿದ ರೈತರು ಲ್ಯಾಟಿನ್ ಲೆಕ್ಕದಲ್ಲಿ ನಿಜವಾದ ಕಾಲೋನಿಯವರು, ಆದರೆ ಅವರ ನೆಲೆಗಳಿಗೆ 'ಕ್ಯಾಂಪ್' ಎನ್ನುತ್ತೇವೆ. ಹಳ್ಳಿಯಲ್ಲಿ ಮುಂದೆ ಏನೂ ಸೇರಿಸದೆ ಬರಿದೇ 'ಕಾಲೋನಿ' ಎಂದರೆ ಅದು ನಾವು.

ತಮಿಳುನಾಡಿನಲ್ಲೂ ಹೀಗೆಯೇ. 2025ರ ಏಪ್ರಿಲ್ 29ರಂದು ಮುಖ್ಯಮಂತ್ರಿ ಸ್ಟಾಲಿನ್ ಸರ್ಕಾರಿ ದಾಖಲೆಗಳಿಂದ ಈ ಪದವನ್ನು ತೆಗೆಯುವುದಾಗಿ ವಿಧಾನಸಭೆಯಲ್ಲಿ ಹೇಳಿದರು. ಅದಕ್ಕೂ ಮೊದಲು, 2024ರ ಜೂನ್‌ನಲ್ಲಿ, ಕೇರಳದ ಸಚಿವ ಕೆ. ರಾಧಾಕೃಷ್ಣನ್ ಲೋಕಸಭೆಗೆ ಆಯ್ಕೆಯಾಗಿ ಸಚಿವ ಸ್ಥಾನ ಬಿಡುವ ಹೊತ್ತಿನಲ್ಲಿ ಕಾಲೋನಿ ಪದ ಕೈಬಿಡುವ ಆದೇಶ ಹೊರಡಿಸಿದ್ದರು. ಬದಲಿಗೆ 'ನಗರ', 'ಉನ್ನತಿ', 'ಪ್ರಕೃತಿ' ಎಂಬ ಹೆಸರುಗಳ ಸಲಹೆಯಿತ್ತು. ಕಾಸರಗೋಡಿನ ಕನ್ನಡಿಗರಿಗೂ ಇದು ಅನ್ವಯಿಸುತ್ತದೆ.

ಬೋರ್ಡು ಬದಲಾದರೆ ಏನು ಬಂತು, ಬಸ್ ಸ್ಟಾಪಿನ ಎಡ ಬಲ ಬದಲಾಗುತ್ತದೆಯೇ ಎಂಬುದು ನನ್ನ ವಾದವಾಗಿತ್ತು. ಚಳಿಗಾಲ ಕಳೆದ ಮೇಲೆ ಅವ್ವ ಇಲ್ಲಿಗೆ ಬಂದಾಗ ಇದನ್ನೇ ಹೇಳಿದೆ. ಅಂಗಳದ ಬಿಸಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದವಳು ತಲೆ ಎತ್ತದೆ ಅಂದಳು: "ನಿಂಗೇನು ಗೊತ್ತು? ನಾ ಮದ್ವೆಯಾಗಿ ಬಂದಾಗ ಅದು ಕೇರಿ. ಜಾತಿ ಹಿಡ್ದೇ ಕೇರಿ ಅನ್ನೋರು. ದೇವರಾಜ ಅರಸು ಕಾಲದಲ್ಲಿ ಜನತಾ ಮನೆ ಕಟ್ಟಿಸಿದ್ರು ನೋಡು, ಆಗ ಕಾಲೋನಿ ಅಂತ ಆಯ್ತು. ನಿಮ್ಮಜ್ಜಿ ಜಾತ್ರೇಲಿ ಯಾರಾದ್ರೂ ಕೇಳಿದ್ರೆ, 'ಕಾಲೋನಿಯೋರು ಕಣವ್ವ' ಅಂತ ಜೋರಾಗಿ ಹೇಳೋಳು."

ನಾನು ನಾಚಿ ಕೊಂಡಿದ್ದ ಪದ ಅಜ್ಜಿಗೆ ಮರ್ಯಾದೆಯ ಪದವಾಗಿತ್ತು. ಅದು ಹಳಸಲು ಒಂದು ತಲೆಮಾರು ಹಿಡಿಯಿತು. ಹೊಸ ಹೆಸರೂ ಹಳಸೀತು, ಉಳುವ ಭೂಮಿ ಮತ್ತು ಊರಿನ ದಾರಿ ಬದಲಾಗದಿದ್ದರೆ ಹಳಸಿಯೇ ತೀರುತ್ತದೆ. ಆದರೂ ಆ ನಡುವಿನ ಮೂವತ್ತು ವರ್ಷ ಒಬ್ಬಾಕೆ ಜಾತ್ರೆಯಲ್ಲಿ ದನಿ ತಗ್ಗಿಸದೆ ಮಾತಾಡಿದಳಲ್ಲ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ವಾದ ಮಾಡುತ್ತಿದ್ದೆ.

ಕಳೆದ ತಿಂಗಳು ತಂಗಿ ಊರಿನಿಂದ ರಾಗಿ ಹಿಟ್ಟು ಪಾರ್ಸಲ್ ಕಳಿಸಿದಳು. ಮೇಲೆ 'ಲೋಧಿ ನಗರ' ಎಂದು ಬರೆದಿದ್ದಳು. 110003 ಎಂಬ ಪಿನ್‌ಕೋಡ್ ಸರಿಯಿದ್ದುದರಿಂದ ಬಂದು ತಲುಪಿತು. ಯಾಕೆ ಹಾಗೆ ಬರೆದೆ ಎಂದು ನಾನು ಕೇಳಲಿಲ್ಲ.