ಸತ್ತವರ ಲೆಕ್ಕ, ಯಂತ್ರದ ಸದ್ದು

ಕೆ.ಆರ್.ಪುರದ ಕಡೆ ಹೋಗುವ ಬಸ್ಸಿನಲ್ಲಿ ಕಂಡಕ್ಟರು ಇಂದಿಗೂ 'ಟಿನ್ ಫ್ಯಾಕ್ಟ್ರಿ, ಟಿನ್ ಫ್ಯಾಕ್ಟ್ರಿ' ಅಂತ ಕೂಗುತ್ತಾನೆ. ಆ ದಾರಿಯಲ್ಲೇ ಬೈಯಪ್ಪನಹಳ್ಳಿಯ ಎನ್.ಜಿ.ಇ.ಎಫ್. ಇದೆ. 1956ರಲ್ಲಿ ಹುಟ್ಟಿದ್ದು, 2002ರ ಹೊತ್ತಿಗೆ ಬಾಗಿಲು ಹಾಕಿತು. ಯಂತ್ರ ನಿಂತ ಮೇಲೆ ಅದರ ಸದ್ದು ಎಲ್ಲಿಗೆ ಹೋಗುತ್ತದೆ?

ಹಲಸೂರಿನ ಗೆಳೆಯರ ರೂಮಿನಲ್ಲಿ ಒಂದು ರಾತ್ರಿ 'ಡೆಡ್ ಸೋಲ್ಸ್' ಎಂಬ ಒಂದೇ ಹಾಡನ್ನು ಇಬ್ಬರ ಬಾಯಲ್ಲಿ ಕೇಳಿದೆವು. 'ಬಿಳಿಯರ ಗದ್ದಲ, ನಮಗ್ಯಾಕೆ?' ಅಂದರು ಕೆಲವರು. ಗದ್ದಲ ಅನ್ನುವ ಮಾತು ನಮ್ಮ ತಮಟೆಗೂ ಅಂಟಿದ್ದೇ ಅಲ್ಲವಾ?

ಮೂಲ ಹಾಡು ಮ್ಯಾಂಚೆಸ್ಟರಿನ ಜಾಯ್ ಡಿವಿಷನ್ ತಂಡದ್ದು. ಹತ್ತಿ ಗಿರಣಿಗಳು ಸಾಯುತ್ತಿದ್ದ ಆ ಊರಲ್ಲಿ ಅವರ ಹಾಡು ಹೊರತಂದ ಕಂಪನಿಯ ಹೆಸರು 'ಫ್ಯಾಕ್ಟರಿ'! ಹಾಡುಗಾರ ಇಯಾನ್ ಕರ್ಟಿಸ್ ಉದ್ಯೋಗ ಕಚೇರಿಯಲ್ಲಿ ಅಂಗವಿಕಲರಿಗೆ ಕೆಲಸ ಹುಡುಕಿಕೊಡುತ್ತಿದ್ದವನು. ಈ ಹಾಡು ಮಾತ್ರ 1980ರಲ್ಲಿ ಫ್ರಾನ್ಸಿನ ಸಣ್ಣ ಕಂಪನಿಯೊಂದರಿಂದ ಬಂತು, ಬರೀ 1578 ಪ್ರತಿ. ಸಣ್ಣ ಪತ್ರಿಕೆ ನಡೆಸುವವರಿಗೆ ಈ ಲೆಕ್ಕ ಅರ್ಥವಾಗುತ್ತೆ. ಅದೇ ವರ್ಷ ಮೇ 18ರಂದು, 23ರ ವಯಸ್ಸಿಗೆ, ಕರ್ಟಿಸ್ ತನ್ನ ಜೀವ ತಾನೇ ತೆಗೆದುಕೊಂಡ.

ಹಾಡಿನ ಹೆಸರು ಗೊಗೋಲನ 1842ರ ಕಾದಂಬರಿಯದು. ಅದರಲ್ಲಿ ಜೀತದಾಳುಗಳು ಸತ್ತರೂ ತೆರಿಗೆಯ ಪಟ್ಟಿಯಿಂದ ಹೆಸರು ಹೋಗುವುದಿಲ್ಲ. ಒಬ್ಬ ಠಕ್ಕ ಬಂದು ಆ ಹೆಸರುಗಳನ್ನೇ ಕೊಳ್ಳುತ್ತಾನೆ, ಅಡವಿಟ್ಟು ಸಾಲ ಎತ್ತಲಿಕ್ಕೆ. ಅಪ್ಪನ ಸಾಲಕ್ಕೆ ಮಗ ಜೀತಕ್ಕೆ ನಿಂತ ನಮ್ಮ ಹಟ್ಟಿಗಳಿಗೆ ಇದು ರಷ್ಯಾದ ಕತೆ ಅನ್ನಿಸಲ್ಲ. ಇಲ್ಲಿ ಜೀತ ರದ್ದತಿಯ ಕಾಯ್ದೆ ಬಂದದ್ದೇ 1976ರಲ್ಲಿ.

ಅದೇ 1976ರಲ್ಲಿ ಲಂಡನ್ನಿನ ಥ್ರಾಬಿಂಗ್ ಗ್ರಿಸಲ್ ತಂಡ ತನ್ನ ಧ್ವನಿಮುದ್ರಿಕೆ ಕಂಪನಿಗೆ 'ಇಂಡಸ್ಟ್ರಿಯಲ್' ಅಂತ ಹೆಸರಿಟ್ಟಿತು. ಯಂತ್ರದ ಸದ್ದಿನ ಈ ಸಂಗೀತಕ್ಕೆಲ್ಲ ಆ ಹೆಸರೇ ನಿಂತಿತು. ಅಮೆರಿಕದ ನೈನ್ ಇಂಚ್ ನೇಲ್ಸ್‌ನ ಟ್ರೆಂಟ್ ರೆಜ್ನರ್ ಈ ದಾರಿಯವನು. ಕ್ಲೀವ್‌ಲ್ಯಾಂಡಿನ ಸ್ಟುಡಿಯೋದಲ್ಲಿ ಸಹಾಯಕನಾಗಿ, ಕಸ ಗುಡಿಸುವವನಾಗಿ ದುಡಿದು, ಸ್ಟುಡಿಯೋ ಖಾಲಿ ಇದ್ದಾಗ ತನ್ನ ಹಾಡು ಮುದ್ರಿಸಿಕೊಂಡ. ಇದನ್ನು ಕೇಳಿ ನಾವು ಹಿಗ್ಗಿದ್ದು ನಿಜ. ಆದರೆ ಅವನ ಪೊರಕೆ ಅವನ ಜಾತಿಯಾಗಿರಲಿಲ್ಲ. ಬಿಟ್ಟ ದಿನ ಬಿಟ್ಟುಹೋಯಿತು. ಶಿವಾಜಿನಗರದ ರಸ್ತೆ ಗುಡಿಸುವ ನಮ್ಮವ್ವಂದಿರ ಪೊರಕೆ ಹಾಗಲ್ಲ.

1994ರ 'ದಿ ಕ್ರೋ' ಸಿನಿಮಾಕ್ಕೆ ರೆಜ್ನರ್ 'ಡೆಡ್ ಸೋಲ್ಸ್' ಮತ್ತೆ ಹಾಡಿದ. ಮೂಲದಲ್ಲಿ ಸುಮಾರು ಎರಡು ನಿಮಿಷ ದನಿಯೇ ಇಲ್ಲ; ವಾದ್ಯಗಳೇ ಸತ್ತವರನ್ನು ಕಾಯುತ್ತವೆ. ರೆಜ್ನರ್ ಆ ಕಟ್ಟನ್ನು ಮುರಿಯಲಿಲ್ಲ, ಮೇಲೆ ಕಬ್ಬಿಣದ ಭಾರ ಹೇರಿದ. ಮೂಲ ಹಾಡು ಖಾಲಿ ಶೆಡ್ಡಿನೊಳಗಿಂದ ಬಂದಂತಿದ್ದರೆ, ಇದು ಪ್ರೆಸ್ಸಿನ ಪಕ್ಕ ನಿಂತಂತೆ. ನಮಗೆ ಮೊದಲನೆಯದೇ ಹೆಚ್ಚು ಹಿಡಿಸಿತು. ಸಿನಿಮಾದ ಹಾಡುಗಳ ಆಲ್ಬಮ್ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು.

ಅಷ್ಟು ದೂರ ಹೋದರೂ ಹಾಡು ಕಟ್ಟಿದವರ ಹೆಸರು ಅದರ ಜೊತೆಯಲ್ಲೇ ಹೋಯಿತು. ನಮ್ಮ ತಮಟೆಯ ಗತ್ತುಗಳು ಸಿನಿಮಾಕ್ಕೆ ಹೋಗಿವೆ, ಉತ್ಸವದ ವೇದಿಕೆಗೂ ಹೋಗಿವೆ. ಹಲಗಿ ಕಾಸಿ, ಹೆಣದ ಮುಂದೆ ಬಡಿಯುತ್ತ ನಡೆದ ನಮ್ಮಜ್ಜಂದಿರಲ್ಲಿ ಒಬ್ಬನ ಹೆಸರನ್ನಾದರೂ ಯಾವ ಕ್ಯಾಸೆಟ್ಟಿನ ಮೇಲೆ ಅಚ್ಚು ಹಾಕಿದ್ದಾರೆ, ಯಾರಾದರೂ ತಂದು ತೋರಿಸಲಿ.