ಪ್ರೋಗ್ರಾಮಿಂಗ್ ಇಲ್ಲದೆ ಅಂಕಿಅಂಶ ವಿಶ್ಲೇಷಣೆ: ಉಚಿತ ಮುಕ್ತ ತಂತ್ರಾಂಶಗಳ ಬಗ್ಗೆ ಮಾಹಿತಿ

ಸಮೀಕ್ಷಾ ವರದಿ, ಯೋಜನಾ ವರದಿ ಅಥವಾ ಸಂಶೋಧನಾ ಪ್ರಬಂಧದೊಂದಿಗೆ ಅಂಕಿಅಂಶಗಳ ವಿಶ್ಲೇಷಣೆಯನ್ನು ಸಲ್ಲಿಸಬೇಕಾದವರು ದುಬಾರಿ ಪರವಾನಗಿಯ ತಂತ್ರಾಂಶವನ್ನು ಖರೀದಿಸುವುದು ಅನಿವಾರ್ಯವಲ್ಲ; ಅನಧಿಕೃತ ಪ್ರತಿಗಳನ್ನು ಬಳಸುವ ಅಗತ್ಯವೂ ಇರುವುದಿಲ್ಲ. ಈ ಕೆಳಕಂಡ ತಂತ್ರಾಂಶಗಳನ್ನು ಯಾರು ಬೇಕಾದರೂ ಉಚಿತವಾಗಿ ಪಡೆದು ಬಳಸಬಹುದು ಹಾಗೂ ಪರವಾನಗಿಯ ಷರತ್ತಿನಂತೆ ಇತರರಿಗೂ ನೀಡಬಹುದು.

1. ಲಭ್ಯವಿರುವ ತಂತ್ರಾಂಶಗಳು

ಅ) ಪಿಎಸ್‌ಪಿಪಿ: ಜಿಎನ್‌ಯು ಯೋಜನೆಗೆ ಸೇರಿದ್ದು. ಎಸ್‌ಪಿಎಸ್‌ಎಸ್‌ಗೆ ಪರ್ಯಾಯವಾಗಿದ್ದು, ಅದರ ದತ್ತಾಂಶ ಕಡತಗಳನ್ನು ತೆರೆಯುತ್ತದೆ.

ಆ) ಜಾಸ್ಪ್: ನೆದರ್ಲೆಂಡ್ಸ್‌ನ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡಿದ್ದು. ಸಾಂಪ್ರದಾಯಿಕ ಪರೀಕ್ಷೆಗಳೊಂದಿಗೆ ಬೇಸಿಯನ್ ಪರೀಕ್ಷೆಗಳನ್ನೂ ಒಳಗೊಂಡಿದೆ.

ಇ) ಜಮೊವಿ: ಜಾಸ್ಪ್‌ನಲ್ಲಿ ಕಾರ್ಯನಿರ್ವಹಿಸಿದ್ದ ತಂತ್ರಜ್ಞರು 2017ರಲ್ಲಿ ಆರಂಭಿಸಿದ್ದು. ಆರ್ ಭಾಷೆಯನ್ನು ಆಧರಿಸಿದ್ದು, ಬಯಸಿದಲ್ಲಿ ಪ್ರತಿ ವಿಶ್ಲೇಷಣೆಯ ಆರ್ ಆದೇಶವನ್ನೂ ತೋರಿಸುತ್ತದೆ. ಗಣಕಯಂತ್ರದಲ್ಲಿ ಅಳವಡಿಸುವ ಆವೃತ್ತಿಯು ಉಚಿತ. ಕ್ಲೌಡ್ ಸೇವೆಯಲ್ಲಿ ಶುಲ್ಕಸಹಿತ ಯೋಜನೆಗಳೂ ಇವೆ.

2. ಬಳಸುವ ಕ್ರಮ

ಎಕ್ಸೆಲ್ ಅಥವಾ ಲಿಬ್ರೆ ಆಫೀಸ್‌ನಲ್ಲಿರುವ ಪಟ್ಟಿಯನ್ನು ಸಿಎಸ್‌ವಿ ಕಡತವಾಗಿ ಉಳಿಸಿ ತಂತ್ರಾಂಶದಲ್ಲಿ ತೆರೆಯತಕ್ಕದ್ದು. ಪ್ರತಿ ಸಾಲಿನಲ್ಲಿ ಒಬ್ಬ ವ್ಯಕ್ತಿಯ ಹಾಗೂ ಪ್ರತಿ ಕಂಬದಲ್ಲಿ ಒಂದು ಪ್ರಶ್ನೆಯ ಮಾಹಿತಿ ಇರಬೇಕು. ನಂತರ ಮೆನುವಿನಿಂದ ಸರಾಸರಿ, ಟಿ-ಪರೀಕ್ಷೆ, ಕೈ-ವರ್ಗ ಪರೀಕ್ಷೆ ಮುಂತಾದವುಗಳನ್ನು ಆಯ್ಕೆ ಮಾಡಬಹುದು.

ನುಡಿ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರವಿನ್ಯಾಸದಲ್ಲಿ ಬೆರಳಚ್ಚಿಸಿದ ಹೆಸರುಗಳು ಅರ್ಥವಿಲ್ಲದ ಅಕ್ಷರಗಳಾಗಿ ಕಾಣಿಸುತ್ತವೆ. ಅವುಗಳನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಯುಟಿಎಫ್-8 ರೂಪದಲ್ಲಿ ಉಳಿಸುವುದು ಸೂಕ್ತ.

3. ವಿಶೇಷವಾಗಿ ಗಮನಿಸಬೇಕಾದ ಅಂಶಗಳು

ಅ) ತಂತ್ರಾಂಶವು ಅಂಕಿಯ ಅರ್ಥವನ್ನು ತಾನಾಗಿ ತಿಳಿಯಲಾರದು. ಪುರುಷರಿಗೆ 1, ಮಹಿಳೆಯರಿಗೆ 2 ಎಂದು ನಮೂದಿಸಿದ್ದರೆ, ಅಥವಾ 560001ರಂತಹ ಪಿನ್‌ಕೋಡ್ ಇದ್ದರೆ, ಅವು ಕೇವಲ ಗುರುತುಗಳು. ಅವುಗಳ ಸರಾಸರಿಗೆ ಅರ್ಥವಿಲ್ಲ. ಇಂತಹ ಕಂಬವನ್ನು 'ನಾಮಿನಲ್' ಎಂದು ಗುರುತಿಸತಕ್ಕದ್ದು.

ಆ) ಉತ್ತರ ದೊರೆಯದ ಕಡೆ 99 ಎಂದು ನಮೂದಿಸಿದ್ದಲ್ಲಿ, ಅದನ್ನು ಅಲಭ್ಯ ಮೌಲ್ಯವೆಂದು ಘೋಷಿಸಬೇಕು. ಉದಾಹರಣೆಗೆ, ಮೂವರ ವಯಸ್ಸು 20, 22, 24 ಇದ್ದು ನಾಲ್ಕನೆಯವರು ಉತ್ತರಿಸದಿದ್ದರೆ ಸರಾಸರಿ 22. ಆದರೆ 99ನ್ನು ವಯಸ್ಸೆಂದೇ ಎಣಿಸಿದಲ್ಲಿ ಅದು 41.25 ಆಗುತ್ತದೆ. ಈ ತಪ್ಪಿಗೆ ತಂತ್ರಾಂಶವು ಯಾವುದೇ ಎಚ್ಚರಿಕೆ ನೀಡುವುದಿಲ್ಲ.

ಇ) ಗಣಕಯಂತ್ರದಲ್ಲಿ ಅಳವಡಿಸಿದ ಆವೃತ್ತಿಯಲ್ಲಿ ವಿಶ್ಲೇಷಣೆ ನಡೆಸಲು ದತ್ತಾಂಶವನ್ನು ಅಂತರ್ಜಾಲಕ್ಕೆ ಏರಿಸಬೇಕಾಗಿಲ್ಲ. ವೈಯಕ್ತಿಕ ಮಾಹಿತಿಯುಳ್ಳ ಸಮೀಕ್ಷೆಗಳಿಗೆ ಇದೇ ಸೂಕ್ತ.

ಈ) ಆಯಾ ತಂತ್ರಾಂಶದ ಅಧಿಕೃತ ಜಾಲತಾಣದಿಂದಲೇ ಪ್ರತಿಯನ್ನು ಪಡೆಯತಕ್ಕದ್ದು. ಫಲಿತಾಂಶವನ್ನು ಇತರರೂ ಪರಿಶೀಲಿಸಲು ಅನುಕೂಲವಾಗುವಂತೆ, ತಂತ್ರಾಂಶದ ಹೆಸರು ಹಾಗೂ ಆವೃತ್ತಿ ಸಂಖ್ಯೆಯನ್ನು ವರದಿಯಲ್ಲಿ ನಮೂದಿಸುವುದು.