ಮಣ್ಣೆತ್ತಿನಿಂದ ಮಾದರಿ ಕಾರಿನವರೆಗೆ



ಜ್ಯೇಷ್ಠ ಮಾಸದ ಅಮಾವಾಸ್ಯೆ ಬಂತೆಂದರೆ ಉತ್ತರ ಕರ್ನಾಟಕದ ಒಕ್ಕಲುತನದ ಮನೆಗಳಲ್ಲಿ ಎರಡು ಪುಟ್ಟ ಎತ್ತುಗಳು ದೇವರ ಜಗಲಿಯ ಮೇಲೆ ಬಂದು ನಿಲ್ಲುತ್ತವೆ. ಅವು ಹಸಿ ಮಣ್ಣಿನಲ್ಲಿ ಮಾಡಿದ ಎತ್ತುಗಳು. ಕಾಗವಾಡ, ಅಥಣಿ, ರಾಯಬಾಗ, ಚಿಕ್ಕೋಡಿಯ ಕೃಷ್ಣಾ ತೀರದ ಹಳ್ಳಿಗಳೂ ಈ ಮಣ್ಣೆತ್ತಿನ ಅಮಾವಾಸ್ಯೆಯ ಸೀಮೆಗೇ ಸೇರಿದವು. ಹಿರಿಯರು ಪೂಜೆ ಮಾಡುತ್ತಾರೆ. ಮಕ್ಕಳಾದರೋ ಹೊಲದ ಮಣ್ಣು ತಂದು ತಮ್ಮದೇ ಎತ್ತುಗಳನ್ನು ಮಾಡಿ, ಕೊಂಬು ತಿದ್ದಿ, ಬಣ್ಣ ಬಳಿದು ಆಡುತ್ತಾರೆ. ಕಾಲು ಮುರಿದ ಮಣ್ಣಿನ ಎತ್ತೊಂದನ್ನು ಹಿಡಿದು ಮನೆಮನೆಗೆ ಹೋಗಿ ಜೋಳ ಬೇಡುವುದೂ ಈ ಹಬ್ಬದ ಒಂದು ವಿನೋದ.

ಎತ್ತು ಇದ್ದ ಮೇಲೆ ಬಂಡಿ ಬೇಡವೆ? ಸುಗ್ಗಿ ಮುಗಿದ ಹೊಲದಲ್ಲಿ ಜೋಳದ ದಂಟು ಬೇಕಾದಷ್ಟು. ದಂಟಿನ ಮೇಲಿನ ಸಿಬರು ಸುಲಿದರೆ ಒಳಗೆ ಬಿಳಿಯ, ಹಗುರವಾದ ಬೆಂಡು ಸಿಗುತ್ತದೆ. ಬೆಂಡಿನ ತುಂಡಿಗೆ ಸಿಬರನ್ನು ಚುಚ್ಚಿದರೆ ಚೌಕಟ್ಟು. ಬಿಲ್ಲೆಯಾಗಿ ಕತ್ತರಿಸಿದರೆ ಗಾಲಿ. ಅಂಟು ಬೇಕಿಲ್ಲ, ಮೊಳೆ ಬೇಕಿಲ್ಲ, ಕಾಸೂ ಬೇಕಿಲ್ಲ. ನಮ್ಮ ಹಳ್ಳಿಯ ಎಷ್ಟೋ ಮಕ್ಕಳು ತಮ್ಮ ಕೈಯಿಂದ ಮಾಡಿದ ಮೊದಲ ವಾಹನ ಈ ದಂಟಿನ ಬಂಡಿಯೇ.

ಇಂದು ಜಗತ್ತಿನಾದ್ಯಂತ ಲಕ್ಷಾಂತರ ಜನ ಕಾರುಗಳ ಕಿರು ಮಾದರಿಗಳನ್ನು ಜೋಡಿಸಿ, ಬಣ್ಣ ಹಚ್ಚಿ, ಕಪಾಟಿನಲ್ಲಿ ಇಟ್ಟುಕೊಳ್ಳುವ ಹವ್ಯಾಸ ಬೆಳೆಸಿಕೊಂಡಿದ್ದಾರೆ. ಇದು ಪರದೇಶದ ಶೋಕಿ, ನಮಗೂ ಅದಕ್ಕೂ ಸಂಬಂಧವಿಲ್ಲ ಎಂದು ನಾವು ಭಾವಿಸುವುದುಂಟು. ಆದರೆ ಮಣ್ಣೆತ್ತು ಮಾಡುವ ಕೈಗೂ ಮಾದರಿ ಕಾರು ಕಟ್ಟುವ ಕೈಗೂ ಇರುವ ಅಂತರ ಒಂದೇ ಒಂದು. ಅದು ಯಾವುದು, ಅದರಿಂದ ನಮಗೇನು ಪ್ರಯೋಜನ ಎಂಬುದನ್ನು ಇಲ್ಲಿ ನೋಡೋಣ.

ಹರಪ್ಪದ ಮಕ್ಕಳ ಬಂಡಿ

ವಾಹನದ ಕಿರುರೂಪ ಮಾಡುವ ಅಭ್ಯಾಸ ನಮ್ಮ ಉಪಖಂಡದಲ್ಲಿ ನಾಲ್ಕು ಸಾವಿರ ವರ್ಷಕ್ಕೂ ಹಳೆಯದು. ಕ್ರಿ.ಪೂ. 2600ರಿಂದ 1900ರವರೆಗೆ ವೈಭವದಲ್ಲಿದ್ದ ಸಿಂಧೂ ನಾಗರಿಕತೆಯ ನಗರಗಳನ್ನು ಅಗೆದಾಗ ಸುಟ್ಟ ಮಣ್ಣಿನ ಬಂಡಿಗಳೂ ಗಾಲಿಗಳೂ ಹೇರಳವಾಗಿ ದೊರೆತವು. ಹರಪ್ಪ ಮತ್ತು ಚನ್ಹುದಾರೋಗಳಲ್ಲಿ ಕಂಚಿನ ಪುಟ್ಟ ಬಂಡಿಗಳೂ ಸಿಕ್ಕಿವೆ. ಆ ಕಾಲದ ನಿಜವಾದ ಮರದ ಬಂಡಿಗಳು ಮಣ್ಣಾಗಿ ಹೋದವು. ಉಳಿದದ್ದು ಆಟಿಕೆ. ಸಿಂಧೂ ಜನರ ಬಂಡಿ ಹೇಗಿತ್ತು, ಚೌಕಟ್ಟು ಎಂಥದು, ಗೂಟಗಳು ಎಲ್ಲಿದ್ದವು ಎಂಬ ಪ್ರಶ್ನೆಗಳಿಗೆ ವಿದ್ವಾಂಸರು ಉತ್ತರ ಹುಡುಕುವುದು ಬಹುಮಟ್ಟಿಗೆ ಈ ಆಟಿಕೆಗಳಿಂದಲೇ.

ನಮಗೆ ಇನ್ನೂ ಹತ್ತಿರದ ಉದಾಹರಣೆ ದೈಮಾಬಾದಿನದು. ಮಹಾರಾಷ್ಟ್ರದ ಅಹಮದ್‌ನಗರ (ಈಗಿನ ಅಹಿಲ್ಯಾನಗರ) ಜಿಲ್ಲೆಯಲ್ಲಿ ಪ್ರವರಾ ನದಿಯ ದಂಡೆಯ ಮೇಲಿರುವ ಈ ಊರಿನಲ್ಲಿ 1974ರಲ್ಲಿ ಕಂಚಿನ ರಥವೊಂದು ದೊರೆಯಿತು. ಉದ್ದ ಸುಮಾರು 45 ಸೆಂಟಿಮೀಟರ್; ಎರಡು ಎತ್ತುಗಳು; ಮೇಲೆ ನಿಂತ ಸಾರಥಿ. ಅದರ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲದಿದ್ದರೂ ಕುಶಲತೆಯ ಬಗ್ಗೆ ಎರಡು ಮಾತಿಲ್ಲ.

ಆದರೆ ಈ ಸಾಕ್ಷಿಗಳಿಗೆ ಒಂದು ಮಿತಿಯಿದೆ. ಮಣ್ಣಿನ ಬಂಡಿಯನ್ನು ನೋಡಿ ಅದರ ಆಕಾರ ತಿಳಿಯಬಹುದು, ಅಳತೆ ತಿಳಿಯಲಾಗದು. ಗಾಲಿ ನಿಜವಾಗಿ ಅಷ್ಟು ದೊಡ್ಡದಿತ್ತೋ, ಮಾಡಿದವರ ಬೆರಳಿಗೆ ಅನುಕೂಲವೆಂದು ದೊಡ್ಡದಾಯಿತೋ? ಕೆಲವು ಮಣ್ಣಿನ ಗಾಲಿಗಳ ಮೇಲಿನ ಗೆರೆಗಳು ಅರೆಕಾಲುಗಳ ಗುರುತೋ, ಬರಿಯ ಅಲಂಕಾರವೋ? ಇಂಥ ಚರ್ಚೆ ಇನ್ನೂ ಮುಗಿದಿಲ್ಲ. ಅಳತೆಯಿಲ್ಲದ ಗೊಂಬೆ ಅರ್ಧ ಸಾಕ್ಷಿ ಮಾತ್ರ.

ಚಿತ್ರಗಾರರ ಕೈಚಳಕ

ಕರ್ನಾಟಕದಲ್ಲಿ ಗೊಂಬೆ ಮಾಡುವ ಕಲೆ ಹಲವು ಕಡೆ ಬೇರೂರಿದೆ. ಬೆಳಗಾವಿ ಜಿಲ್ಲೆಯ ಗೋಕಾಕಿನ ಕಲಾವಿದರು ಹಗುರ ಮರ ಮತ್ತು ಮಣ್ಣಿನಲ್ಲಿ ಹಣ್ಣು, ಕಾಯಿಪಲ್ಲೆಗಳನ್ನು ಮಾಡಿ ನಿಜವೆನಿಸುವಂತೆ ಬಣ್ಣ ಕೊಟ್ಟು ಹೆಸರು ಗಳಿಸಿದರು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಹಗುರ ಮರದ ಭಾಗಗಳನ್ನು ಹುಣಸೆ ಬೀಜದ ಅಂಟಿನಿಂದ ಕೂಡಿಸಿ, ಸಂದುಗಳನ್ನು ಮುಚ್ಚಿ, ಮೈಯನ್ನು ನಯಗೊಳಿಸಿ, ಬಿಳಿಯ ಲೇಪ ಕೊಟ್ಟು, ಅದು ಒಣಗಿದ ಮೇಲೆಯೇ ಬಣ್ಣಕ್ಕೆ ಕೈ ಹಾಕುತ್ತಾರೆ. ಇಂದು ಯಾವ ದೇಶದ ಮಾದರಿ ಕಾರಿನ ಹವ್ಯಾಸಿಯನ್ನು ಕೇಳಿದರೂ ಅವನು ಹೇಳುವ ಕ್ರಮ ಇದೇ: ಜೋಡಿಸು, ಸಂದು ತುಂಬು, ಉಜ್ಜು, ತಳಬಣ್ಣ ಕೊಡು, ನಂತರ ಬಣ್ಣ ಹಚ್ಚು.

ಚನ್ನಪಟ್ಟಣದ ರೀತಿ ಬೇರೆ. ಅಲ್ಲಿ ಮರವನ್ನು ತಿರುಗುವ ಚರಕಿಗೆ ಸಿಕ್ಕಿಸಿ ಉಳಿಯಿಂದ ಕೆತ್ತುತ್ತಾರೆ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತಿದಾಗ ತಿಕ್ಕಾಟದ ಬಿಸಿಗೆ ಅರಗು ಕರಗಿ ಮೈಗೆ ಹತ್ತುತ್ತದೆ. ಅಲ್ಲಿ ಕಾರು, ರೈಲುಗಳನ್ನೂ ಮಾಡುತ್ತಾರೆ. ಆದರೆ ಚರಕಿ ಕೊಡುವುದು ದುಂಡನೆಯ ಆಕಾರ. ಆದ್ದರಿಂದ ಚನ್ನಪಟ್ಟಣದ ಕಾರು ದುಂಡು ದುಂಡಾಗಿ ಮುದ್ದಾಗಿರುತ್ತದೆ. ಅದು ಕಾರಿನ ನೆನಪು, ಕಾರಿನ ಅಳತೆಯಲ್ಲ.

ರೈಲಿನ ಜೊತೆಗೆ ಬಂದ ಕಾರು

ಅಳತೆ ಎಲ್ಲಿಂದ ಬಂತು? ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಫ್ರಾಂಕ್ ಹಾರ್ನ್‌ಬಿ ಎಂಬಾತ ತನ್ನ ಮಕ್ಕಳಿಗಾಗಿ ರಂಧ್ರಗಳಿರುವ ಲೋಹದ ಪಟ್ಟಿಗಳ ಆಟಿಕೆ ಮಾಡಿ 1901ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದ. ಅದೇ ಮುಂದೆ ಮೆಕ್ಯಾನೋ ಎಂದು ಪ್ರಸಿದ್ಧವಾಯಿತು. 1920ರಿಂದ ಅವನ ಸಂಸ್ಥೆ ಆಟದ ರೈಲುಗಳನ್ನು ಮಾರತೊಡಗಿತು. ರೈಲಿನ ಪಕ್ಕದಲ್ಲಿ ನಿಲ್ಲಿಸಲು ಪುಟ್ಟ ಕಾರು, ಲಾರಿಗಳು ಬೇಕಾದವು. 1933ರ ಕೊನೆಗೆ ಹೊರಬಂದ ಈ ವಾಹನಗಳಿಗೆ 1934ರಲ್ಲಿ ‘ಡಿಂಕಿ ಟಾಯ್ಸ್’ ಎಂಬ ಹೆಸರು ಬಂತು.

ಇಂಗ್ಲೆಂಡಿನಲ್ಲಿ ಆ ಗಾತ್ರದ ಮಾದರಿ ರೈಲಿಗೆ ಒಂದು ಅಡಿಗೆ 7 ಮಿಲಿಮೀಟರ್ ಎಂಬ ಲೆಕ್ಕವಿತ್ತು. ಒಂದು ಅಡಿಯೆಂದರೆ 304.8 ಮಿಲಿಮೀಟರ್, ಏಳರಿಂದ ಭಾಗಿಸಿದರೆ ಸುಮಾರು 43. ಜಗತ್ತಿನ ಮಾದರಿ ಕಾರುಗಳಲ್ಲಿ 1:43 ಎಂಬ ವಿಚಿತ್ರ ಪ್ರಮಾಣ ನೆಲೆಯೂರಿದ್ದು ಹೀಗೆ. ಅಂದರೆ ನಿಜವಾದ ಕಾರಿನ 43 ಸೆಂಟಿಮೀಟರು ಮಾದರಿಯಲ್ಲಿ ಒಂದು ಸೆಂಟಿಮೀಟರು.

1953ರಲ್ಲಿ ಎರಡನೆಯ ಎಲಿಜಬೆತ್ ರಾಣಿಯ ಪಟ್ಟಾಭಿಷೇಕದ ಸಾರೋಟಿನ ಪುಟ್ಟ ಮಾದರಿಯನ್ನು ಲೆಸ್ನಿ ಎಂಬ ಲಂಡನ್ ಸಂಸ್ಥೆ ಹತ್ತು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ಮಾರಿತು. ಬೆಂಕಿಪೊಟ್ಟಣದಲ್ಲಿ ಹಿಡಿಯುವಷ್ಟು ಚಿಕ್ಕ ಆಟಿಕೆಯನ್ನು ಮಾತ್ರ ಶಾಲೆಗೆ ತರಬಹುದೆಂಬ ನಿಯಮ ಅದರ ಪಾಲುದಾರ ಜ್ಯಾಕ್ ಓಡೆಲ್‌ನ ಮಗಳ ಶಾಲೆಯಲ್ಲಿತ್ತಂತೆ. ಅವನು ಅಷ್ಟೇ ಗಾತ್ರದ ರೋಡ್ ರೋಲರ್ ಮಾಡಿಕೊಟ್ಟ. ‘ಮ್ಯಾಚ್‌ಬಾಕ್ಸ್’ ಕಾರುಗಳು ಹುಟ್ಟಿದ್ದು ಹಾಗೆ.

ಈ ಪ್ರವಾಹ ಭಾರತಕ್ಕೂ ಬಂತು. 1960ರ ದಶಕದ ಕೊನೆಯ ಹೊತ್ತಿಗೆ ಡಿಂಕಿಯ ಕೆಲವು ಹಳೆಯ ಅಚ್ಚುಗಳು ಕಲ್ಕತ್ತೆಗೆ ಬಂದು, ಅವುಗಳಿಂದ ಎರಕ ಹೊಯ್ದ ಕಾರುಗಳು ‘ನಿಕಿ ಟಾಯ್ಸ್’ ಎಂಬ ಹೆಸರಿನಲ್ಲಿ ಮಾರಾಟವಾದವು. ಲಿವರ್‌ಪೂಲಿನ ಕಾರ್ಖಾನೆ ಮಾತ್ರ 1979ರಲ್ಲಿ ಬಾಗಿಲು ಮುಚ್ಚಿತು.

ಕೊಳ್ಳುವುದರಿಂದ ಕಟ್ಟುವುದಕ್ಕೆ

ಸಿದ್ಧ ಕಾರನ್ನು ಕೊಂಡು ಇಡುವುದು ಸಂಗ್ರಹ; ಭಾಗಗಳನ್ನು ತಂದು ಕಟ್ಟುವುದು ಹವ್ಯಾಸ. ಪ್ಲಾಸ್ಟಿಕ್ಕನ್ನು ಕರಗಿಸಿ ಅಚ್ಚಿಗೆ ತುಂಬುವ ತಂತ್ರ ಹರಡಿದ ಮೇಲೆ 1950ರ ದಶಕದಲ್ಲಿ ಇಂಗ್ಲೆಂಡ್, ಅಮೆರಿಕಗಳಲ್ಲಿ ಬಿಡಿಭಾಗಗಳ ಪೆಟ್ಟಿಗೆಗಳು ಅಗ್ಗವಾದವು. ಜಪಾನಿನ ಶಿಜುವೋಕಾ ನಗರದ ಟಮಿಯಾ ಸಂಸ್ಥೆ 1946ರಲ್ಲಿ ಶುರುವಾದದ್ದು ಮರದ ವ್ಯಾಪಾರವಾಗಿ; 1948ರಲ್ಲಿ ಅದು ಮರದ ಮಾದರಿಗಳನ್ನು ಮಾಡತೊಡಗಿ, 1960ರಲ್ಲಿ ಪ್ಲಾಸ್ಟಿಕ್ಕಿಗೆ ತಿರುಗಿತು.

ಇದು ಕೇವಲ ಹೊತ್ತು ಕಳೆಯುವ ಆಟವೆ? ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯ ಫಿಶರ್ ಬಾಡಿ ವಿಭಾಗ 1930ರಿಂದ 1968ರವರೆಗೆ ಹದಿಹರೆಯದ ಹುಡುಗರಿಗಾಗಿ ಮಾದರಿ ನಿರ್ಮಾಣದ ಸ್ಪರ್ಧೆ ನಡೆಸಿತು. ಮೊದಲು ಸಾರೋಟಿನ ಮಾದರಿ, ನಂತರ ಹುಡುಗರೇ ಕಲ್ಪಿಸಿದ ಕಾರುಗಳ ಮಾದರಿ. ಗೆದ್ದವರಿಗೆ ಕಾಲೇಜು ಶಿಕ್ಷಣಕ್ಕೆ ವಿದ್ಯಾರ್ಥಿವೇತನ. 1947ರಲ್ಲಿ ಗೆದ್ದ ಚಾರ್ಲ್ಸ್ ಜೋರ್ಡಾನ್ ಮುಂದೆ ಅದೇ ಸಂಸ್ಥೆಯ ವಿನ್ಯಾಸ ವಿಭಾಗದ ಮುಖ್ಯಸ್ಥನಾದ. ಹುಡುಗಿಯರಿಗೆ ಅಲ್ಲಿ ಪ್ರವೇಶವಿರಲಿಲ್ಲವೆಂಬುದನ್ನೂ ನಾವು ನೆನಪಿಡಬೇಕು. ನಮ್ಮ ಮಣ್ಣೆತ್ತಿಗೆ ಅಂಥ ಕಟ್ಟು ಇಲ್ಲ.

ಇನ್ನೊಂದು ಸಂಗತಿ ಕೇಳಿ. ಕಂಪ್ಯೂಟರ್ ಬಂದ ಮೇಲೂ ದೊಡ್ಡ ಕಾರು ಕಂಪನಿಗಳು ಹೊಸ ಕಾರಿನ ರೂಪವನ್ನು ವಿಶೇಷ ಬಗೆಯ ಜೇಡಿಯಲ್ಲಿ ತಿದ್ದಿ ನೋಡುವುದನ್ನು ಬಿಟ್ಟಿಲ್ಲ. ಮೊದಲು ಚಿಕ್ಕದು, ಆಮೇಲೆ ಪೂರ್ಣ ಗಾತ್ರದ್ದು. ಬೆಳಕು ಮೈಮೇಲೆ ಹೇಗೆ ಹರಿಯುತ್ತದೆಂಬುದು ಕೈಯಿಂದ ಸವರಿದಾಗ ತಿಳಿದಷ್ಟು ಪರದೆಯ ಮೇಲೆ ತಿಳಿಯದು.

ಅಳತೆಯ ಲೆಕ್ಕ, ಬಣ್ಣದ ಲೆಕ್ಕ

ನಮಗೆಲ್ಲ ಪರಿಚಿತವಾದ ಅಂಬಾಸಡರ್ ಕಾರನ್ನೇ ತೆಗೆದುಕೊಳ್ಳಿ. 2014ರಲ್ಲಿ ಅದರ ತಯಾರಿಕೆ ನಿಂತಿತು. ಅದರ ಉದ್ದ ಸುಮಾರು 4.3 ಮೀಟರ್. 1:43ರಲ್ಲಿ ಅದು 10 ಸೆಂಟಿಮೀಟರ್, 1:24ರಲ್ಲಿ ಸುಮಾರು 18, 1:18ರಲ್ಲಿ ಸುಮಾರು 24. ಉದ್ದ ಅರ್ಧವಾದರೆ ಗಾತ್ರವೂ ಅರ್ಧವಾಗುತ್ತದೆಂದು ತಿಳಿಯಬೇಡಿ. ಉದ್ದ, ಅಗಲ, ಎತ್ತರ ಮೂರೂ ಕುಗ್ಗುವುದರಿಂದ ಗಾತ್ರ ಎಂಟರಲ್ಲಿ ಒಂದು ಪಾಲಾಗುತ್ತದೆ. 400 ಕಿಲೋ ತೂಗುವ ಬಂಡಿಯನ್ನು ಅದೇ ಮರ, ಅದೇ ಕಬ್ಬಿಣದಲ್ಲಿ 1:20ರ ಪ್ರಮಾಣದಲ್ಲಿ ಮಾಡಿದರೆ ತೂಕ ಬರಿಯ 50 ಗ್ರಾಂ!

ಬಣ್ಣಕ್ಕೂ ಲೆಕ್ಕವಿದೆ. ಬಣ್ಣದ ಪದರ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ದಪ್ಪವಾದರೂ 1:43ರ ಮಾದರಿಯಲ್ಲಿ ಅದು ನಿಜವಾದ ಕಾರಿನ ಮೇಲೆ 4 ಮಿಲಿಮೀಟರಿಗೂ ಮೀರಿದ ಬಳಿತಕ್ಕೆ ಸಮ. ಬಾಗಿಲಿನ ಗೆರೆ, ಹಿಡಿಕೆ ಎಲ್ಲವೂ ಮುಚ್ಚಿಹೋಗುತ್ತವೆ. ಆದ್ದರಿಂದಲೇ ಬಣ್ಣವನ್ನು ತೆಳುವಾಗಿಸಿ, ಒಂದು ಪದರ ಒಣಗಿದ ಮೇಲೆ ಮತ್ತೊಂದನ್ನು ಕೊಡುವುದು. ಅವಸರ ಮಾಡಿದವನ ಕಾರು ನೋಡಿದೊಡನೆ ಗೊತ್ತಾಗುತ್ತದೆ.

ನಮ್ಮ ಊರಿನ ಚಕ್ಕಡಿ

ಈಗ ಕಾಗವಾಡಕ್ಕೆ ಮರಳೋಣ. ಹಿಂದೆ ಅಥಣಿ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ತಾಲ್ಲೂಕಾಗಿರುವ ಈ ಗಡಿ ಸೀಮೆ ಇಂದು ಕಬ್ಬಿನ ನಾಡು. ಉಗಾರದಂಥ ಸಕ್ಕರೆ ಕಾರ್ಖಾನೆಗಳ ದಾರಿಯಲ್ಲಿ ಹಂಗಾಮು ಬಂತೆಂದರೆ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲು. ಎತ್ತಿನ ಗಾಡಿಗಳೂ ಇವೆ. ಆದರೆ ಅವುಗಳಲ್ಲಿ ಬಹಳಷ್ಟು ರಬ್ಬರ್ ಟೈರಿನವು. ಮರದ ಗುಂಬ, ಅರೆಕಾಲು, ಕಬ್ಬಿಣದ ಹಳಿಯ ಗಾಲಿಯುಳ್ಳ ಹಳೆಯ ಚಕ್ಕಡಿ ವಿರಳವಾಗುತ್ತಿದೆ.

ಆ ಚಕ್ಕಡಿಯನ್ನು ಮಾಡಿದ ಬಡಿಗರು ಕಾಗದದ ಮೇಲೆ ನಕ್ಷೆ ಬರೆಯಲಿಲ್ಲ. ಗಾಲಿ ಎಷ್ಟು ಎತ್ತರ, ಮೂಕಿ ಎಷ್ಟು ಉದ್ದ, ಹಳಿಯನ್ನು ಕಾಯಿಸಿ ತೊಡಿಸುವಾಗ ಎಷ್ಟು ಬಿಗಿ ಎಂಬುದೆಲ್ಲ ಅವರ ಕಣ್ಣಿನಲ್ಲಿತ್ತು, ಕೈಯಲ್ಲಿತ್ತು. ಕಾರು ಕಂಪನಿ ಮುಚ್ಚಿದರೆ ಅದರ ನಕ್ಷೆಗಳು ಎಲ್ಲೋ ಉಳಿಯುತ್ತವೆ. ಅಂಬಾಸಡರ್ ಹೋದರೂ ಅದರ ಅಳತೆ ಹೋಗುವುದಿಲ್ಲ. ಚಕ್ಕಡಿ ಒಲೆಗೆ ಹೋದರೆ ಅದರ ಅಳತೆಯೂ ಒಲೆಗೆ ಹೋಗುತ್ತದೆ. ಸಿಂಧೂ ಜನರ ಬಂಡಿಯ ಬಗ್ಗೆ ನಾವು ಇಂದು ಊಹೆ ಮಾಡುವಂತೆ ನಮ್ಮ ಅಜ್ಜನ ಚಕ್ಕಡಿಯ ಬಗ್ಗೆ ಮುಂದಿನವರು ಊಹೆ ಮಾಡಬೇಕಾದೀತು.

ಇದನ್ನು ತಪ್ಪಿಸುವುದು ನಿಮ್ಮ ಕೈಯಲ್ಲಿದೆ. ನಿಮ್ಮ ಊರಿನಲ್ಲಿ ಹಳೆಯ ಚಕ್ಕಡಿ ಎಲ್ಲಿ ನಿಂತಿದೆ ನೋಡಿ. ಒಡೆಯರ ಅಪ್ಪಣೆ ಕೇಳಿ, ಟೇಪು ಹಿಡಿದು ಗಾಲಿಯ ಎತ್ತರ, ಅರೆಕಾಲುಗಳ ಸಂಖ್ಯೆ, ಅಚ್ಚಿನ ಉದ್ದ, ನೊಗದ ಅಗಲ ಬರೆದುಕೊಳ್ಳಿ. ಊರಿನ ಹಿರಿಯ ಬಡಿಗರ ಹತ್ತಿರ ಕೂತು ಪ್ರತಿ ಭಾಗದ ಹೆಸರನ್ನೂ ಮರದ ಜಾತಿಯನ್ನೂ ಕೇಳಿ ಬರೆಯಿರಿ. ಎಲ್ಲ ಅಳತೆಯನ್ನೂ 20ರಿಂದ ಭಾಗಿಸಿ. 120 ಸೆಂಟಿಮೀಟರಿನ ಗಾಲಿ 6 ಸೆಂಟಿಮೀಟರ್ ಆಗುತ್ತದೆ. ಬಿದಿರಿನ ಸೀಳು, ಹಗುರ ಮರ, ರಟ್ಟು, ತಂತಿ ಸಾಕು. ದುಬಾರಿ ಪೆಟ್ಟಿಗೆ ಬೇಕಿಲ್ಲ. ಕೊನೆಗೆ ತೆಳುವಾಗಿ ಬಣ್ಣ ಕೊಟ್ಟು, ಅಡಿಯಲ್ಲಿ ಊರು, ವರ್ಷ, ಪ್ರಮಾಣ ಬರೆದು ಶಾಲೆಯಲ್ಲಿಡಿ.

ಮಣ್ಣೆತ್ತಿಗೂ ಮಾದರಿ ಕಾರಿಗೂ ಇರುವ ಒಂದೇ ಅಂತರವೆಂದು ಆರಂಭದಲ್ಲಿ ಹೇಳಿದ್ದು ಈ ಅಳತೆಯನ್ನೇ. ಪ್ರೀತಿಯೂ ಕೈಗುಣವೂ ನಮ್ಮ ಮಕ್ಕಳಲ್ಲಿ ಮೊದಲಿನಿಂದ ಇವೆ. ಅವುಗಳ ಜೊತೆಗೆ ಒಂದು ಟೇಪು ಸೇರಿದರೆ ಆಟಿಕೆಯೇ ಇತಿಹಾಸದ ದಾಖಲೆಯಾಗುತ್ತದೆ. ಮುಂದಿನ ಮಣ್ಣೆತ್ತಿನ ಅಮಾವಾಸ್ಯೆಗೆ ಜಗಲಿಯ ಮೇಲಿನ ಎತ್ತುಗಳ ಹಿಂದೆ ಅಳತೆಗೆ ಸರಿಯಾದ ಚಕ್ಕಡಿಯೊಂದು ನಿಲ್ಲಲಿ.